ಹೊಲದ ದಾರಿಯಲ್ಲಿ ಸೈಕಲ್ಲಿಗೆ ವಾಹನ ತಾಗಿದರೆ: ದವಾಖಾನೆಯಿಂದ ಬಂದ ಮೇಲಿನ ಆರೈಕೆ



ಕಬ್ಬಿನ ಹಂಗಾಮು ಸುರುವಾಯಿತೆಂದರೆ ಮುಗಳಖೋಡದ ಸುತ್ತಿನ ಚಕ್ಕಡಿ ದಾರಿಗಳೆಲ್ಲ ಟ್ರ್ಯಾಕ್ಟರುಗಳ ವಶವಾಗುತ್ತವೆ. ಎರಡೂ ಬದಿಗೆ ಆಳೆತ್ತರದ ಕಬ್ಬು; ತಿರುವಿನಲ್ಲಿ ಎದುರಿಗೆ ಬರುವವರು ಕಾಣುವುದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನ ಮೇಲೆ ಹೊರಟವನಿಗೆ ಸರಿದು ನಿಲ್ಲಲು ಜಾಗವೂ ಇರುವುದಿಲ್ಲ. ಇಂಥಲ್ಲಿ ಪೆಟ್ಟಾದಾಗ, "ಡಾಂಬರು ರಸ್ತೆಯೇನಲ್ಲ, ಗಾಡಿ ಸಾವಕಾಶ ಹೊರಟಿತ್ತು" ಎಂದು ಎಲ್ಲರೂ ಸಮಾಧಾನ ಹೇಳಿಕೊಳ್ಳುತ್ತಾರೆ. ನಡೆಸುವವನೂ ಊರಿನವನೇ. ಒಮ್ಮೆ ದವಾಖಾನೆಗೆ ಹೋಗಿ ಬಂದರೆ ಮುಗಿಯಿತೆಂಬ ಭಾವನೆ. ಆದರೆ ಎಷ್ಟೋ ಸಲ ಕೈಕಾಲು ಕೆಡುವುದು ಪೆಟ್ಟಾದ ದಿನವಲ್ಲ, ಅದರ ಮುಂದಿನ ದಿನಗಳಲ್ಲಿ.

ಮೊದಲು ತಲೆಯ ವಿಚಾರ. ತಲೆಗೆ ಪೆಟ್ಟಾದವನನ್ನು ಮೊದಲ ಎರಡು ದಿನ ಒಬ್ಬನನ್ನೇ ಬಿಡಬೇಡಿರಿ. ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಜೋಮು, ತೊದಲು ಮಾತು, ಸೆಳವು, ಕಿವಿ ಮೂಗಿನಿಂದ ನೀರು ಅಥವಾ ರಕ್ತ - ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿರಿ. ವಯಸ್ಸಾದವರಲ್ಲಿ, ಕುಡಿತದ ಚಟವಿದ್ದವರಲ್ಲಿ, ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ತೆಗೆದುಕೊಳ್ಳುವವರಲ್ಲಿ ತಲೆಯೊಳಗೆ ರಕ್ತ ನಿಧಾನವಾಗಿ ಸೇರಿ ಎರಡು ಮೂರು ವಾರಗಳ ಮೇಲೆ ತೊಂದರೆ ಕೊಡುವುದುಂಟು. ಆಗ ಅಜ್ಜನಿಗೆ ಅರಳುಮರಳು ಎಂದು ಸುಮ್ಮನಿರಬಾರದು.

ಸೈಕಲ್ಲಿನ ಹ್ಯಾಂಡಲು ಹೊಟ್ಟೆಗೆ ಬಡಿದ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ಮೇಲೆ ಒಂದು ದುಂಡನೆಯ ಕಪ್ಪು ಕಲೆಯಷ್ಟೇ ಕಾಣಬಹುದು. ಒಳಗೆ ಕರುಳಿಗೋ ಗುಲ್ಮಕ್ಕೋ ಗಾಯವಾಗಿರಬಹುದು. ಹೊಟ್ಟೆನೋವು, ವಾಂತಿ, ಮುಖ ಬಿಳಚುವುದು, ಎಡ ಭುಜದಲ್ಲಿ ಕಾರಣವಿಲ್ಲದ ನೋವು ಕಂಡರೆ ಬೆಳಗಿನವರೆಗೆ ಕಾಯಬೇಡಿರಿ.

ಇನ್ನು ಪ್ಲಾಸ್ಟರ ಹಾಕಿಸಿಕೊಂಡವರು. ಎಲುಬು ಮುರಿದ ಕೈಕಾಲು ಮೊದಲ ದಿನಗಳಲ್ಲಿ ಬಾಯುತ್ತದೆ, ಪ್ಲಾಸ್ಟರ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಹೆಚ್ಚಿದರೆ ರಕ್ತದ ಓಟ ನಿಲ್ಲುತ್ತದೆ. ರಕ್ತ ಸಿಗದ ಮಾಂಸಖಂಡ ಸುಮಾರು ಆರು ತಾಸಿನಲ್ಲಿ ಸಾಯತೊಡಗುತ್ತದೆ. ಆದ್ದರಿಂದ ಮನೆಯವರು ಹಗಲು ರಾತ್ರಿ ಬೆರಳುಗಳನ್ನು ನೋಡುತ್ತಿರಬೇಕು. ಉಗುರನ್ನು ಒತ್ತಿ ಬಿಟ್ಟರೆ ಕೂಡಲೇ ಕೆಂಪು ಮರಳಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜುಮುಗುಟ್ಟಿದರೆ, ಬೆರಳನ್ನು ನೀವು ಮೆಲ್ಲಗೆ ನೀಡಿದೊಡನೆ ಚೀರುವಷ್ಟು ನೋವಾದರೆ, ಗುಳಿಗೆಗೂ ನೋವು ಬಗ್ಗದಿದ್ದರೆ, ಹೊತ್ತು ನೋಡದೆ ದವಾಖಾನೆಗೆ ಒಯ್ಯಿರಿ. ಬೆರಳು ಕೆಂಪಗಿವೆಯೆಂದು ಇಂಥ ನೋವನ್ನು ಅಲಕ್ಷಿಸಬೇಡಿರಿ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳುವುದರಲ್ಲಿಯೂ ಇದೇ ಅಪಾಯವಿದೆ. ಕಟ್ಟುವವರ ಮೇಲಿನ ನಂಬಿಗೆ ದೊಡ್ಡದೇ. ಆದರೆ ಕೊಳೆತ ಕೈಯನ್ನು ಯಾವ ನಂಬಿಗೆಯೂ ಮರಳಿ ಕೊಡಲಾರದು.

ಹೊಲದ ಮಣ್ಣಿನಲ್ಲಿ ಸಗಣಿ ಗೊಬ್ಬರ ಬೆರೆತಿರುವುದರಿಂದ ಧನುರ್ವಾಯುವಿನ ಭಯವಿದೆ. ರೋಗವು ಮೂರು ದಿನದಿಂದ ಮೂರು ವಾರದವರೆಗೆ ಯಾವಾಗಲಾದರೂ ತೋರಬಹುದು. ಗಾಯವನ್ನು ಸ್ವಚ್ಛ ನೀರಿನಿಂದ ತೊಳೆಯಿರಿ. ಸುಣ್ಣ, ತಂಬಾಕು, ಬೂದಿ ಮೆತ್ತಬೇಡಿರಿ. ಮಣ್ಣಾದ ಗಾಯವಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳತಕ್ಕದ್ದು.

ಮಣಿಕಟ್ಟಿನ ಎಲುಬು ಕೂಡಲು ಆರು ವಾರ, ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ ಮೂರು ನಾಲ್ಕು ತಿಂಗಳು ಬೇಕಾಗಬಹುದು. ಪ್ಲಾಸ್ಟರ ಇದ್ದಾಗಲೇ ಹೊರಗಿರುವ ಬೆರಳುಗಳನ್ನು ದಿನಕ್ಕೆ ಹಲವು ಸಲ ಮಡಚಿ ನೀಡಬೇಕು. ಇಲ್ಲದಿದ್ದರೆ ಎಲುಬು ಕೂಡಿದರೂ ಕೈ ಕುಡುಗೋಲು ಹಿಡಿಯುವುದಿಲ್ಲ. ಮೊಣಕೈಗೆ ಪೆಟ್ಟಾದವರು ಎಣ್ಣೆ ಹಚ್ಚಿ ತಿಕ್ಕಿಸಬಾರದು: ಮಾಂಸದೊಳಗೆ ಎಲುಬು ಬೆಳೆದು ಕೀಲು ಮಡಚದಂತಾಗುತ್ತದೆ. ಮೀನಖಂಡ ಬಾತು ನೋವಾದರೆ ಅದನ್ನೂ ತಿಕ್ಕದೆ ವೈದ್ಯರಿಗೆ ತೋರಿಸಿರಿ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ. ನಿಪ್ಪಾಣಿ ಸೀಮೆಯಲ್ಲಿ ಈ ಮಾತು ಕೇಳುವವರು ಕಡಿಮೆಯೆಂದು ಬಲ್ಲೆವು, ಆದರೂ ಹೇಳಬೇಕಾಗಿದೆ. ಹಾಲು, ಬೇಳೆ, ಶೇಂಗಾ, ತತ್ತಿ ಊಟದಲ್ಲಿರಲಿ.

ಖರ್ಚಿನ ಮಾತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ತಂದ ಯೋಜನೆಯ ಪ್ರಕಾರ, ಮೋಟಾರು ವಾಹನದ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯೊಳಗೆ, ಹಣ ಕಟ್ಟದೆ ಚಿಕಿತ್ಸೆಯುಂಟು. ಮುಂದಿನ ತಿಂಗಳುಗಳ ಖರ್ಚು ಮನೆಯ ಮೇಲೆಯೇ ಬೀಳುತ್ತದೆ. ಅದಕ್ಕೆ ಪರಿಹಾರ ಕೇಳಬೇಕಾದರೆ ಪೊಲೀಸರಲ್ಲಿ ದಾಖಲೆ ಬೇಕು. ಮೋಟಾರು ವಾಹನ ಕಾಯದೆಯಲ್ಲಿ "ಸಾರ್ವಜನಿಕ ಸ್ಥಳ" ಎಂದರೆ ಡಾಂಬರು ರಸ್ತೆಯೊಂದೇ ಅಲ್ಲ. ಜನರಿಗೆ ಹೋಗಿ ಬರುವ ಹಕ್ಕಿರುವ ಯಾವ ದಾರಿಯೂ ಹೌದು. ಒಬ್ಬರ ಸ್ವಂತ ಹೊಲದೊಳಗೇ ಆಗಿದ್ದರೆ ವಿಮೆಯವರು ತಕರಾರು ಮಾಡಬಹುದು. ಆಗ ವಕೀಲರನ್ನು ಕೇಳಿರಿ. ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿ 2022ರಲ್ಲಿ ಜಾರಿಗೆ ಬಂದಿದೆ. ಊರಿನವನೆಂಬ ದಾಕ್ಷಿಣ್ಯದಿಂದ ತಡಮಾಡಬೇಡಿರಿ. ವಾಹನಕ್ಕೆ ವಿಮೆಯಿದ್ದರೆ ಹಣ ಕೊಡುವುದು ವಿಮಾ ಕಂಪನಿ, ನೆರೆಯವನಲ್ಲ. ದವಾಖಾನೆಯ ಚೀಟಿ, ಎಕ್ಸ್‌ರೇ, ಔಷಧಿಯ ಬಿಲ್ಲುಗಳನ್ನು ಒಂದೇ ಚೀಲದಲ್ಲಿ ಕೂಡಿಡಿರಿ.

ಎಲುಬು ಕೂಡಿದೆಯೆಂದು ವೈದ್ಯರು ಎಕ್ಸ್‌ರೇ ನೋಡಿ ಹೇಳಿದ ಮೇಲೆಯೇ ಮತ್ತೆ ಸೈಕಲ್ಲು ಹತ್ತಿರಿ. ಬಾಗಿದ ಫೋರ್ಕನ್ನು ಬಡಿದು ನೆಟ್ಟಗೆ ಮಾಡಿಸದೆ ಬದಲಿಸಿರಿ. ಮೊದಲ ಕೆಲವು ದಿನ ಹಾಲಿನ ಕ್ಯಾನನ್ನು ಮನೆಯಲ್ಲಿ ಬೇರೆಯವರು ಒಯ್ಯಲಿ.