ಟೈರುಗಳ ಜಾಗ ಬದಲಿಸಿ, ಬಾಳಿಕೆ ಹೆಚ್ಚಿಸಿ



ಒಂದೇ ಹೊಲದಲ್ಲಿ ವರ್ಷ ವರ್ಷವೂ ಒಂದೇ ಬೆಳೆ ಹಾಕಬೇಡಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಮನೆಯ ಕಾರಿನ ಟೈರುಗಳಿಗೂ ಈ ಮಾತು ಸಲ್ಲುತ್ತದೆ. ಆಲ್ಟೋದಂತಹ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಎಳೆತ ಮುಂದಿನ ಚಕ್ರಗಳಿಗೇ ಇರುತ್ತದೆ. ತಿರುಗುವುದೂ ಅವೇ, ಬ್ರೇಕಿನ ಹೆಚ್ಚು ಭಾರ ಹೊರುವುದೂ ಅವೇ. ಹೀಗಾಗಿ ಮುಂದಿನ ಜೋಡಿ ಬೇಗ ಸವೆಯುತ್ತದೆ. ಸವೆದ ಟೈರು ಮಳೆಗಾಲದಲ್ಲಿ ಜಾರುತ್ತದೆ. ಮನೆಮಂದಿಯ ಜೀವಕ್ಕೇ ಅಪಾಯ. 8,000ದಿಂದ 10,000 ಕಿ.ಮೀ.ಗೊಮ್ಮೆ ಜಾಗ ಬದಲಿಸಿದರೆ ನಾಲ್ಕೂ ಹೆಚ್ಚು ಕಡಿಮೆ ಸಮನಾಗಿ ಸವೆಯುತ್ತವೆ.

ಮೊದಲು ಪರೀಕ್ಷಿಸಿ

ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ. ಜಾಗ ಬದಲಿಸಿದರೆ ಈ ದೋಷ ಹೋಗದು. ಟೈರಿನ ಕಾಲುವೆಗಳಲ್ಲಿ ಅಡ್ಡಲಾಗಿ ಸಣ್ಣ ದಿಂಡುಗಳಿರುತ್ತವೆ. ಹಲ್ಲು ಸವೆದು ಅವುಗಳ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಬಂದಿದ್ದರೆ ಹೊಸ ಟೈರನ್ನೇ ಹಾಕಿಸಬೇಕು.

ಜಾಕ್ ಇಡುವ ಮುನ್ನ

ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ನಾನು ಅಂಗಳದ ಹಸಿ ಮಣ್ಣಿನ ಮೇಲೆಯೇ ಜಾಕ್ ಇಟ್ಟಿದ್ದೆ. ಚಕ್ರ ಬಿಚ್ಚಿದ ಮೇಲೆ ಜಾಕ್ ವಾಲಿ ಕಾರು ನೆಲಕ್ಕೆ ಕುಳಿತಿತು. ಕೈ ಹೊರಗಿತ್ತು, ಅದೇ ಪುಣ್ಯ. ನೀವು ಆ ತಪ್ಪು ಮಾಡಬೇಡಿ. ಗಟ್ಟಿಯಾದ ಸಮತಟ್ಟು ನೆಲ ಆರಿಸಿ, ಜಾಕ್ ಕೆಳಗೆ ದಪ್ಪ ಹಲಗೆ ಕೊಡಿ. ಗೇರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ, ಹಿಂಬದಿ ಎತ್ತುವಾಗ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡುವುದನ್ನು ಮರೆಯಬೇಡಿ. ಮುಂಬದಿ ಎತ್ತುವಾಗ ಹಿಂದಿನ ಚಕ್ರಗಳಿಗೆ ಕೊಡಿ. ಕಾರಿನ ಅಡಿಗೆ ಮಾತ್ರ ನುಸುಳಲೇಬೇಡಿ.

ಬದಲಿಸುವ ಕ್ರಮ

ಮುಂದಿನ ಟೈರುಗಳು ಅದೇ ಬದಿಯಲ್ಲಿ ಹಿಂದಕ್ಕೆ, ಹಿಂದಿನವು ಬದಿ ಬದಲಿಸಿ ಮುಂದಕ್ಕೆ ಬರಬೇಕು. ಸ್ಟೆಪ್ನಿ ಇದ್ದರೆ ಒಂದೇ ಜಾಕ್ ಸಾಕು. ಪ್ರತಿ ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿಕೊಳ್ಳಿ.

1. ಹಿಂದಿನ ಎಡ ಚಕ್ರ ಬಿಚ್ಚಿ, ಅಲ್ಲಿ ಸ್ಟೆಪ್ನಿ ಹಾಕಿ.
2. ಮುಂದಿನ ಬಲ ಚಕ್ರ ಬಿಚ್ಚಿ, ಆ ಜಾಗಕ್ಕೆ ಹಿಂದಿನ ಎಡದ್ದನ್ನು ಹಾಕಿ.
3. ಹಿಂದಿನ ಬಲ ಚಕ್ರ ಬಿಚ್ಚಿ, ಮುಂದಿನ ಬಲದ್ದನ್ನು ಹಾಕಿ.
4. ಮುಂದಿನ ಎಡ ಚಕ್ರ ಬಿಚ್ಚಿ, ಹಿಂದಿನ ಬಲದ್ದನ್ನು ಹಾಕಿ.
5. ಕೊನೆಗೆ ಸ್ಟೆಪ್ನಿ ತೆಗೆದು, ಮುಂದಿನ ಎಡದ್ದನ್ನು ಅಲ್ಲಿ ಹಾಕಿ.

ಬೊಲೆರೊದಂತೆ ಹಿಂದಿನ ಚಕ್ರಗಳಿಂದ ಓಡುವ ಗಾಡಿಗಳಲ್ಲಿ ಇದು ತಿರುಗುಮುರುಗು: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಬದಿ ಬದಲಿಸಿ ಹಿಂದಕ್ಕೆ. ಟೈರಿನ ಮಗ್ಗುಲಲ್ಲಿ ಓಟದ ದಿಕ್ಕು ತೋರಿಸುವ ಬಾಣದ ಗುರುತಿದ್ದರೆ ಬದಿ ಬದಲಿಸದೆ, ಅದೇ ಬದಿಯಲ್ಲಿ ಹಿಂದೆ ಮುಂದೆ ಮಾಡಿ.

ಕೊನೆಯ ಎಚ್ಚರಿಕೆ

ನಟ್ಟುಗಳನ್ನು ಮೊದಲು ಕೈಯಿಂದ ಕೂರಿಸಿ. ಜಾಕ್ ಇಳಿಸಿದ ಮೇಲೆ, ಒಂದರ ಪಕ್ಕ ಒಂದಲ್ಲದೆ ಎದುರು ಬದುರಾಗಿ ಬಿಗಿ ಮಾಡಿ. ನಟ್ಟಿಗೆ ಎಣ್ಣೆ, ಗ್ರೀಸು ಹಚ್ಚಬೇಡಿ. ಮುಂದಿನ, ಹಿಂದಿನ ಟೈರುಗಳಿಗೆ ಗಾಳಿಯ ಅಳತೆ ಬೇರೆ ಇದ್ದರೆ ಹೊಸ ಜಾಗಕ್ಕೆ ತಕ್ಕಂತೆ ಸರಿಪಡಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿ. ಬದಲಿಸಿದ ದಿನಾಂಕ, ಓಡಿದ ಕಿ.ಮೀ. ಎರಡನ್ನೂ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬದಲಾವಣೆ ಯಾವಾಗ ಎಂದು ಅದೇ ಹೇಳುತ್ತದೆ.