ಬಹುಮಾನ ಬಾರದ ಮಕ್ಕಳೂ ಹಾಡಬೇಕು

ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಪ್ರಾಥಮಿಕ ಶಾಲೆಗಳಲ್ಲಿ ಒಳ್ಳೆಯ ಕಂಠದ ಹುಡುಕಾಟ ಶುರುವಾಗುತ್ತದೆ. ಭಕ್ತಿಗೀತೆಗೆ ಒಬ್ಬಳು, ದೇಶಭಕ್ತಿಗೀತೆಗೆ ಇನ್ನೊಬ್ಬ. ಟೀಚರ್ ಮೊಬೈಲಿನಲ್ಲಿ ಹಾಡು ಹಾಕುತ್ತಾರೆ, ಮಗು ಅದನ್ನೇ ಅನುಕರಿಸಿ ತಾಲೀಮು ಮಾಡುತ್ತದೆ. ಕ್ಲಸ್ಟರ್ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ಉಳಿದ ಮಕ್ಕಳ ಪಾಲಿಗೆ ಚಪ್ಪಾಳೆ. ಸಮೂಹಗಾನಕ್ಕೆ ಸೇರಿಸಿಕೊಂಡರೂ ಕೆಲವರಿಗೆ, ‘ನೀನು ಸುಮ್ಮನೆ ಬಾಯಾಡಿಸು, ಸಾಕು’ ಎಂಬ ಸೂಚನೆ ಸಿಗುತ್ತದೆ. ಈ ಒಂದು ಮಾತು ಕೇಳಿದ ಮಗು ಆಮೇಲೆ ಜನ್ಮವಿಡೀ ತನಗೆ ಹಾಡು ಬರುವುದಿಲ್ಲ ಎಂದೇ ನಂಬಿರುತ್ತದೆ.

ಸ್ಪರ್ಧೆ ಬೇಡವೆಂದಲ್ಲ. ಆದರೆ ತರಗತಿಯೇ ಇಲ್ಲದೆ ಸ್ಪರ್ಧೆ ಮಾತ್ರ ಇದ್ದರೆ, ಮನೆಯಲ್ಲಿ ಕಲಿತುಬಂದ ಮಗುವಿಗೆ ಶಾಲೆ ಬಹುಮಾನ ಕೊಟ್ಟಂತಾಗುತ್ತದೆಯೇ ಹೊರತು ಏನನ್ನೂ ಕಲಿಸಿದಂತಾಗುವುದಿಲ್ಲ. ಶ್ರುತಿ ಸೇರಿಸುವುದು ಬಹುಪಾಲು ರೂಢಿಯಿಂದ ಬರುವ ವಿದ್ಯೆ. ಒಂದನೇ ತರಗತಿಯಲ್ಲಿ ಮಾತಾಡುವ ಹಾಗೆಯೇ ಒಂದೇ ಸ್ವರದಲ್ಲಿ ಹಾಡುವ ಮಕ್ಕಳು ಎಲ್ಲೆಡೆ ಸಿಗುತ್ತಾರೆ. ದಿನಾ ಹಾಡುತ್ತ ಹೋದರೆ ಅವರಲ್ಲಿ ಹೆಚ್ಚಿನವರು ಸರಿದಾರಿಗೆ ಬರುತ್ತಾರೆ.

ಇದನ್ನು ನಂಬಿ ನಡೆದ ದೇಶ ಹಂಗೇರಿ. ಅಲ್ಲಿನ ಸಂಗೀತ ಸಂಯೋಜಕ ಜೋಲ್ಟಾನ್ ಕೊಡಾಯ್ ತನ್ನ ನಾಡಿನ ಜನಪದ ಹಾಡುಗಳನ್ನೇ ಪಠ್ಯವಾಗಿಸಿದ. ಅವನು ಹುಟ್ಟಿದ ಕೆಚ್ಕೆಮೆಟ್ ಪಟ್ಟಣದಲ್ಲಿ 1950ರಲ್ಲಿ, ನಿತ್ಯವೂ ಸಂಗೀತ ಪಾಠವಿರುವ ಪ್ರಾಥಮಿಕ ಶಾಲೆ ಶುರುವಾಯಿತು. ವಾದ್ಯ ಆಮೇಲೆ, ಮೊದಲು ಕಂಠ. ಸ್ವರದ ಹೆಸರೂ ಆಮೇಲೆ, ಮೊದಲು ಹಾಡು ಎಂಬುದು ಅವನ ಕ್ರಮ. ಚಿಕ್ಕ ಮಕ್ಕಳಿಗೆ ಅರ್ಧ ಅಂತರದ ಸ್ವರಗಳು ಕಷ್ಟವೆಂದು ಕಂಡುಕೊಂಡು ಐದೇ ಸ್ವರದ ಹಾಡುಗಳಿಂದ ಆರಂಭಿಸಿದ.

ನಮ್ಮ ಸಂಗೀತದ ಮೇಷ್ಟ್ರುಗಳಿಗೆ ಸಿಟ್ಟು ಬಂದೀತು, ಆದರೂ ಹೇಳಬೇಕು. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಮಾಯಾಮಾಳವಗೌಳದ ಸರಳೆ ವರಸೆ, ಗುರುವಿನ ಎದುರು ಕೂತು ಕಲಿಯುವ ಮಗುವಿಗೆ ಭದ್ರವಾದ ಬುನಾದಿ. ಆದರೆ ಅದರಲ್ಲಿ ಸ–ರಿ, ಗ–ಮ, ಪ–ದ, ನಿ–ಸ ಎಲ್ಲವೂ ಒತ್ತೊತ್ತಾಗಿ ಕೂತಿವೆ. ಮೂವತ್ತು ಮಕ್ಕಳಿರುವ ಒಂದನೇ ತರಗತಿಗೆ ಅದನ್ನು ಒಯ್ದರೆ ಸ, ರಿ ಎರಡೂ ಕಲಸಿಹೋಗುತ್ತವೆ. ಅಲ್ಲಿಗೆ ಮೋಹನದಂಥ ಐದು ಸ್ವರದ ರಾಗ ಹೊಂದುತ್ತದೆ. ಸರಳೆಯಿಂದ ಶಾಲೆ ಮೊದಲು ಪಡೆಯಬೇಕಾದ್ದು ತಾಳ. ಆದಿತಾಳದ ಎಂಟು ಎಣಿಕೆ ಹಾಕುತ್ತ ಒಂದೇ ಸಾಲನ್ನು ಮೂರು ಕಾಲದಲ್ಲಿ ಹೇಳಿಸಿ ನೋಡಿ. ಮೂರನೇ ಕಾಲಕ್ಕೆ ಬರುವಷ್ಟರಲ್ಲಿ ಕೋಣೆಯ ತುಂಬ ನಗು. ಅಷ್ಟರಲ್ಲಿ ಇಮ್ಮಡಿ, ನಾಲ್ಮಡಿಯ ಲೆಕ್ಕವೂ ಬೆರಳಿಗೆ ಹತ್ತಿರುತ್ತದೆ.

ಇನ್ನೊಂದು ತೊಡಕು ಶ್ರುತಿಯದು, ಇದನ್ನು ಗಮನಿಸುವವರು ಕಡಿಮೆ. ಆರೇಳು ವರ್ಷದ ಮಗು ಆರಾಮಾಗಿ ಹಾಡಬಲ್ಲದ್ದು ಐದಾರು ಸ್ವರಗಳೊಳಗೆ. ಮೇಷ್ಟ್ರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ ಎತ್ತಿಕೊಟ್ಟರೆ, ಹಾಡು ಕೆಳಗಿಳಿದಾಗ ಮಕ್ಕಳ ದನಿ ಅಡಗುತ್ತದೆ, ಮೇಲೇರಿದಾಗ ಕಿರುಚಾಟವಾಗುತ್ತದೆ. ‘ಇನ್ನೂ ಜೋರಾಗಿ’ ಎನ್ನುವುದು ಬೇರೆ! ಮಕ್ಕಳ ಗಂಟಲು ಕೇಳುವುದು ಚಿಕ್ಕ ಹರವಿನ ಹಾಡು, ಮೆಲುದನಿ. ಶ್ರುತಿಪೆಟ್ಟಿಗೆ ಇಲ್ಲದಿದ್ದರೆ ಮೊಬೈಲಿನಲ್ಲೇ ತಂಬೂರಿ ಆ್ಯಪ್ ಸಿಗುತ್ತದೆ. ಸ್ಪರ್ಧೆಯ ಹಾಡು ಹಾಕುವ ಮೊಬೈಲಿಗೆ ಇದೇನು ಭಾರವಲ್ಲ.

ಹಾಡುಗಳಿಗಂತೂ ಕನ್ನಡದಲ್ಲಿ ಬರವಿಲ್ಲ. ಸ್ವತಃ ಶಾಲಾ ಮೇಷ್ಟ್ರಾಗಿದ್ದ ಪಂಜೆ ಮಂಗೇಶರಾಯರು, ಅವರ ನಂತರ ಜಿ.ಪಿ. ರಾಜರತ್ನಂ ಮಕ್ಕಳ ನಾಲಿಗೆಗೆ ಒಪ್ಪುವಂತೆ ಬರೆದಿಟ್ಟು ಹೋದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿ ಹಾಡನ್ನು ತರಗತಿಯೊಳಕ್ಕೇ ತಂದಿತು. ಆದರೆ ಅಲ್ಲಿ ಹಾಡಿನ ಕೆಲಸ ಅಕ್ಷರ, ಎಣಿಕೆ, ಪರಿಸರವನ್ನು ನೆನಪಿನಲ್ಲಿ ಉಳಿಸುವುದು. ಕಿವಿಯನ್ನು ಹದಗೊಳಿಸುವುದು ಅದರ ಗುರಿಯಲ್ಲ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ ಎರಡೂವರೆ ನಿಮಿಷಕ್ಕೆ ನಾಡಗೀತೆಯನ್ನು ನಿಗದಿ ಮಾಡಿತು. ಎಷ್ಟೋ ಶಾಲೆಗಳಲ್ಲಿ ಇಡೀ ದಿನದ ಸಂಗೀತ ಹೆಚ್ಚುಕಡಿಮೆ ಅಷ್ಟೇ.

ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸಂಗೀತ ಶಿಕ್ಷಕರು ಇಂದಿಗೂ ಬಂದಿಲ್ಲ. ಅವರು ಬರಲಿ ಎಂದು ಕಾಯುತ್ತ ಕೂತರೆ ಈಗಿನ ಮಕ್ಕಳು ದಾಟಿಹೋಗುತ್ತಾರೆ. ತರಗತಿಯ ಟೀಚರ್‌ಗೆ ಡಿ.ಎಲ್.ಇಡಿ ತರಬೇತಿಯಲ್ಲೇ ಶ್ರುತಿ ಹಿಡಿಯುವುದನ್ನು, ತಾಳ ಹಾಕುವುದನ್ನು ಕಲಿಸಬಹುದು. ಅದಕ್ಕೆ ವಿದ್ವತ್ ಪಾಸಾಗಬೇಕಿಲ್ಲ.

ಪೋಷಕರೂ ಒಂದು ಕೆಲಸ ಮಾಡಬಹುದು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಶೌಚಾಲಯ, ಕಾಂಪೌಂಡು, ಬಿಸಿಯೂಟದ ಮಾತಿನ ಜೊತೆಗೆ, ಎಲ್ಲ ಮಕ್ಕಳೂ ಒಟ್ಟಿಗೆ ಹಾಡಲು ದಿನಕ್ಕೆ ಹದಿನೈದು ನಿಮಿಷ ವೇಳಾಪಟ್ಟಿಯಲ್ಲಿ ಇರಲಿ ಎಂದು ಕೇಳಿ. ಅದಕ್ಕೆ ಅನುದಾನ ಬೇಕಿಲ್ಲ.