ತೊಗರಿ ಹೊಲದ ಹಾವು, ಗಾಜಿನ ಟ್ಯೂಬಿನ ರಕ್ತ

ಡಿಸೆಂಬರ್ ಹಿಡಿಯಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲಗಳಲ್ಲಿ ತೊಗರಿ ಕೊಯ್ಲು. ಬುಡದ ತನಕ ಬಾಗಿ ಕುಡುಗೋಲು ಹಾಕಬೇಕು, ಕೊಯ್ದದ್ದನ್ನು ಒಣಗಲು ಒಟ್ಟಬೇಕು, ಆಮೇಲೆ ರಾಶಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆ ಇಂಥ ಹೊಲಗಳ ಬೆಳೆ. ಕಾಳಿನ ಆಸೆಗೆ ಇಲಿ ಬರುತ್ತದೆ, ಇಲಿಯ ಬೆನ್ನು ಹತ್ತಿ ಹಾವು ಬರುತ್ತದೆ. ಬಾಯಿ ಬಿಟ್ಟ ಎರೆ ನೆಲ, ಬದುವಿನ ಕಲ್ಲುಗಳ ಸಂದು, ಒಟ್ಟಿದ ತೊಗರಿ ಕಟ್ಟಿನ ಅಡಿ ಎಲ್ಲವೂ ಅದಕ್ಕೆ ಆಸರೆ. ಅತ್ತ ಭೀಮಾ ದಂಡೆಯ ಕಬ್ಬಿನ ಹೊಲಗಳಲ್ಲಿ ರಾತ್ರಿ ಕರೆಂಟು ಬಂದಾಗಲೇ ನೀರು ಕಟ್ಟಲು ಹೋಗಬೇಕು. ಕತ್ತಲು, ಬರಿಗಾಲು, ಕೈಯಲ್ಲಿ ಸಲಿಕೆ. 'ಹುಳ ಮುಟ್ಟ್ಯಾದ', ಅಂದರೆ ಹಾವು ಕಚ್ಚಿದೆ ಎಂಬ ಕೂಗು ಏಳುವುದು ಇಂಥ ಹೊತ್ತಿನಲ್ಲೇ.

ಈ ಸೀಮೆಯಲ್ಲಿ ನೇರವಾಗಿ ರಕ್ತಕ್ಕೇ ಕೈ ಹಾಕುವ ಹಾವುಗಳು ಎರಡು. ಒಂದು ಕೊಳಕುಮಂಡಲ: ದಪ್ಪ ಮೈ, ತ್ರಿಕೋನದ ತಲೆ, ಬೆನ್ನಿನುದ್ದಕ್ಕೂ ಮೂರು ಸಾಲು ಕಂದು ಮಚ್ಚೆ, ಕೆಣಕಿದರೆ ದೂರಕ್ಕೂ ಕೇಳುವ ಬುಸುಗುಟ್ಟುವಿಕೆ. ಇನ್ನೊಂದು ಒಣಭೂಮಿಯ ಗರಗಸ ಮಂಡಲ: ಎರಡು ಗೇಣಿನ ಆಸುಪಾಸಿನ ಪುಟ್ಟ ಹಾವು, ಮೈಯ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿದರೆ ಮಂಡಲಗಳ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ಕಚ್ಚಿದ ಕಾಲು ಊದಿಕೊಂಡು ಉರಿಯತೊಡಗುತ್ತದೆ. ಕೆಲವು ಗಂಟೆಗಳಲ್ಲಿ ವಸಡಿನಲ್ಲಿ ರಕ್ತ ಒಸರುತ್ತದೆ, ಸೂಜಿ ಚುಚ್ಚಿದ ಜಾಗ ಕಟ್ಟುವುದಿಲ್ಲ, ಮೂತ್ರ ಕೆಂಪಾಗುತ್ತದೆ.

ಹೀಗೆ ಬಂದ ರೋಗಿಯ ರಕ್ತದಲ್ಲಿ ವಿಷ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬೇಕಿರುವುದು ಒಂದು ಗಾಜಿನ ಟ್ಯೂಬು ಮತ್ತು ಒಂದು ಗಡಿಯಾರ. ತೋಳಿನ ರಕ್ತನಾಳದಿಂದ 2 ಮಿಲಿಲೀಟರ್ ರಕ್ತ ತೆಗೆದು ಹೊಸ, ಒಣ ಗಾಜಿನ ಟ್ಯೂಬಿಗೆ ಬಿಡುತ್ತಾರೆ. ಅಲುಗಾಡಿಸದೆ ನೆಟ್ಟಗೆ ನಿಲ್ಲಿಸುತ್ತಾರೆ. 20 ನಿಮಿಷ ಕಳೆದ ಮೇಲೆ ಒಂದೇ ಒಂದು ಸಲ ಬಾಗಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ತಳದಲ್ಲೇ ಕೂತಿದ್ದರೆ ಹೆಪ್ಪುಗಟ್ಟುವ ಶಕ್ತಿ ಉಳಿದಿದೆ ಎಂದರ್ಥ. ನೀರಾಗಿ ಹರಿದರೆ ಮಂಡಲದ ವಿಷ ಏರಿದೆ, ವಿಷನಿರೋಧಕ ಚುಚ್ಚುಮದ್ದು ತಕ್ಷಣ ಬೇಕು. ಯಂತ್ರ ಬೇಡ, ಕರೆಂಟು ಬೇಡ, ಪ್ರಯೋಗಾಲಯದ ತಂತ್ರಜ್ಞರಿಗೆ ಕಾಯಬೇಕಿಲ್ಲ. ಇಷ್ಟು ಸರಳವಾಗಿ ಕಾಣುವ ಈ ಪರೀಕ್ಷೆ ಕೈಗೆ ಸಿಗಲು ಮಾತ್ರ ಸುಮಾರು ಇನ್ನೂರು ವರ್ಷ ಹಿಡಿಯಿತು.

ಆ ಕಥೆಯ ಮೊದಲ ಪುಟ ದಕ್ಷಿಣ ಭಾರತದ್ದೇ. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿದ್ದುಕೊಂಡು ಕೋರಮಂಡಲ ತೀರದ ಹಾವುಗಳನ್ನು ಕಲೆಹಾಕಿದ. ಕೋಳಿ, ನಾಯಿಗಳಿಗೆ ಕಚ್ಚಿಸಿ ಯಾವುದು ವಿಷದ್ದು, ಯಾವುದು ಅಲ್ಲ ಎಂದು ಬರೆದಿಟ್ಟ. 1796ರಲ್ಲಿ ಅವನ ಸಚಿತ್ರ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಕೊಳಕುಮಂಡಲವನ್ನು ಅಪಾಯದಲ್ಲಿ ನಾಗರಹಾವಿನ ಸಾಲಿಗೇ ತಂದು ನಿಲ್ಲಿಸಿದವನು ಅವನು. ವಿಜ್ಞಾನ ಲೋಕ ಅದನ್ನು ಇಂದಿಗೂ ರಸೆಲ್‌ನ ಹೆಸರಿನಲ್ಲೇ ಕರೆಯುತ್ತದೆ.

ಹಾವಿನ ಗುರುತು ಸಿಕ್ಕಿತು. ವಿಷ ರಕ್ತಕ್ಕೆ ಏನು ಮಾಡುತ್ತದೆ ಎಂಬುದು ತಿಳಿಯಬೇಕಾದರೆ ರಕ್ತ ಹೇಗೆ ನಿಲ್ಲುತ್ತದೆ ಎಂಬುದೇ ಮೊದಲು ತಿಳಿಯಬೇಕಿತ್ತು. 1882ರಲ್ಲಿ ಇಟಲಿಯ ಜೂಲಿಯೊ ಬಿಜೊಜೆರೊ ಜೀವಂತ ಪ್ರಾಣಿಯ ಸಣ್ಣ ರಕ್ತನಾಳಕ್ಕೆ ಗಾಯ ಮಾಡಿ ಸೂಕ್ಷ್ಮದರ್ಶಕದಡಿ ನೋಡುತ್ತಾ ಕೂತ. ಗಾಯದ ಬಾಯಿಗೆ ಮೊದಲು ಓಡಿಬಂದು ಅಂಟಿಕೊಂಡದ್ದು ಕೆಂಪು ಕಣವಲ್ಲ, ಬಿಳಿ ಕಣವೂ ಅಲ್ಲ. ಬಣ್ಣವಿಲ್ಲದ ಪುಟ್ಟ ಬಿಲ್ಲೆಗಳು. ಅವೇ ಪ್ಲೇಟ್‌ಲೆಟ್‌ಗಳು. ಮೂಳೆಮಜ್ಜೆಯಲ್ಲಿ ಹುಟ್ಟಿ ಏಳರಿಂದ ಹತ್ತು ದಿನ ಬದುಕುವ ಇವು ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ.

ಆದರೆ ಪ್ಲೇಟ್‌ಲೆಟ್ ಒಂದೇ ಸಾಲದು. ಮಳೆಗೆ ಹೊಲದ ಒಡ್ಡು ಒಡೆದಾಗ ರೈತ ಮೊದಲು ಕಲ್ಲು ಸುರಿದು ನೀರಿನ ರಭಸ ತಡೆಯುತ್ತಾನೆ, ಆಮೇಲೆ ಮುಳ್ಳುಕಂಟಿ ಹೆಣೆದು ಕಲ್ಲು ಕೊಚ್ಚಿಹೋಗದಂತೆ ಬಿಗಿಯುತ್ತಾನೆ. ಪ್ಲೇಟ್‌ಲೆಟ್‌ಗಳದ್ದು ಕಲ್ಲಿನ ಕೆಲಸ. ಅದನ್ನು ಬಿಗಿಯುವ ಬಲೆ ಫೈಬ್ರಿನ್. ಈ ಬಲೆ ರಕ್ತದಲ್ಲಿ ಸಿದ್ಧವಾಗಿ ತೇಲುತ್ತಿರುವುದಿಲ್ಲ, ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನಿನ ರೂಪದಲ್ಲಿರುತ್ತದೆ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಅದನ್ನು ಕತ್ತರಿಸಿ ಎಳೆಯಾಗಿಸುತ್ತದೆ. 1905ರಲ್ಲಿ ಜರ್ಮನಿಯ ಪಾಲ್ ಮೊರಾವಿಟ್ಜ್ ಈ ನಡಿಗೆಯನ್ನು ನಾಲ್ಕು ಅಂಶಗಳಲ್ಲಿ ವಿವರಿಸಿದ. ಮುಂದೆ ಒಂದೊಂದೇ ಹೊಸ ಅಂಶ ಸಿಗುತ್ತಾ ಹೋಗಿ ಅವುಗಳಿಗೆ ಫ್ಯಾಕ್ಟರ್ ಎಂಬ ಹೆಸರೂ ರೋಮನ್ ಅಂಕಿಯೂ ಬಂದವು.

ಇದೇ ಕಾಲದಲ್ಲಿ ಭಾರತದಲ್ಲಿದ್ದ ವೈದ್ಯ ಜಾರ್ಜ್ ಲ್ಯಾಂಬ್ ಮುಖ್ಯ ಸಂಗತಿಯೊಂದನ್ನು ತೋರಿಸಿಕೊಟ್ಟ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ತಯಾರಿಸಿದ್ದ ಸೀರಮ್ ಕೊಳಕುಮಂಡಲದ ವಿಷಕ್ಕೆ ಕೆಲಸ ಮಾಡುವುದಿಲ್ಲ, ಆಯಾ ಹಾವಿಗೆ ಆಯಾ ಮದ್ದೇ ಬೇಕು ಎಂಬುದು ಅದು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದಾದ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿಸಿ ಮಾಡಿದ್ದಾಗಿರಲು ಈ ತಿಳಿವಳಿಕೆಯೇ ಬುನಾದಿ.

ರಕ್ತ ಕಟ್ಟದಂತೆ ಮಾಡುವ ಮಂಡಲದ ವಿಷವೇ ರಕ್ತ ನಿಲ್ಲಿಸುವ ಮದ್ದಾಗಿ ಬಳಕೆಗೆ ಬಂದದ್ದು 1934ರಲ್ಲಿ. ಲಂಡನ್ನಿನ ಯುವ ವೈದ್ಯ ಆರ್.ಜಿ. ಮ್ಯಾಕ್‌ಫರ್ಲೇನ್ ಹಾಗೂ ಅಲ್ಲಿನ ಮೃಗಾಲಯದಲ್ಲಿ ಹಾವುಗಳ ಉಸ್ತುವಾರಿ ಹೊತ್ತಿದ್ದ ಬರ್ಜೆಸ್ ಬಾರ್ನೆಟ್ ಸೇರಿ ಹಲವು ಹಾವುಗಳ ವಿಷವನ್ನು ಕುಸುಮ ರೋಗಿಗಳ, ಅಂದರೆ ಹಿಮೋಫಿಲಿಯಾ ಇರುವವರ ರಕ್ತದ ಮೇಲೆ ಪ್ರಯೋಗಿಸಿದರು. ಎಲ್ಲಕ್ಕಿಂತ ಚುರುಕಾಗಿ ಹೆಪ್ಪುಗಟ್ಟಿಸಿದ್ದು ಕೊಳಕುಮಂಡಲದ ವಿಷ. ತೀರಾ ತೆಳುವಾಗಿ ಕರಗಿಸಿ ಹತ್ತಿಯಲ್ಲಿ ಅದ್ದಿ ಇಟ್ಟರೆ ಹಲ್ಲು ಕಿತ್ತ ಜಾಗದ ರಕ್ತ ನಿಲ್ಲುತ್ತಿತ್ತು. 'ಸ್ಟಿಪ್‌ವೆನ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂತು.

ಹಾಗಾದರೆ ಅದೇ ವಿಷ ಹೊಲದಲ್ಲಿ ಕಚ್ಚಿಸಿಕೊಂಡವರ ರಕ್ತವನ್ನು ನೀರಾಗಿಸುವುದು ಏಕೆ? ಉತ್ತರ ಪೂರ್ತಿ ಬಿಚ್ಚಿಕೊಂಡದ್ದು 1964ರಲ್ಲಿ. ಆ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿದ್ದ ಮ್ಯಾಕ್‌ಫರ್ಲೇನ್, ಅಮೆರಿಕದಲ್ಲಿ ಅರ್ಲ್ ಡೇವಿ ಮತ್ತು ಆಸ್ಕರ್ ರ‍್ಯಾಟ್ನಾಫ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ವರ್ಷ ಒಂದೇ ಚಿತ್ರ ಬಿಡಿಸಿದರು. ಒಂದು ಫ್ಯಾಕ್ಟರ್ ಮತ್ತೊಂದನ್ನು ಎಬ್ಬಿಸುತ್ತದೆ, ಅದು ಮುಂದಿನದನ್ನು; ಪ್ರತಿ ಹಂತದಲ್ಲೂ ಬಲ ಹಲವು ಪಟ್ಟು ಹೆಚ್ಚುತ್ತಾ ಕೊನೆಗೆ ಥ್ರಾಂಬಿನ್, ಫೈಬ್ರಿನ್. ಕುಸುಮ ರೋಗದಲ್ಲಿ ಎಂಟನೆಯ ಅಥವಾ ಒಂಬತ್ತನೆಯ ಫ್ಯಾಕ್ಟರಿನ ಕೊರತೆ. ಕೊಳಕುಮಂಡಲದ ವಿಷ ಆ ಎರಡನ್ನೂ ದಾಟಿ ನೇರವಾಗಿ ಹತ್ತನೆಯದನ್ನು, ಜೊತೆಗೆ ಐದನೆಯದನ್ನು ಬಡಿದೆಬ್ಬಿಸುತ್ತದೆ. ಗರಗಸ ಮಂಡಲದ ವಿಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಥ್ರಾಂಬಿನ್ನಿನ ಮೂಲರೂಪವಾದ ಪ್ರೋಥ್ರಾಂಬಿನ್ನನ್ನೇ ಥ್ರಾಂಬಿನ್ ಆಗಿಸುತ್ತದೆ. ಹಲ್ಲಿನ ಸಂದಿನಲ್ಲಿ ಒಂದು ಹನಿ ಇಟ್ಟರೆ ಇದು ಉಪಕಾರ. ಹಾವು ಕಚ್ಚಿ ವಿಷ ಮೈತುಂಬ ಹರಿದರೆ ಗಾಯವೇ ಇಲ್ಲದ ಕಡೆಯಲ್ಲೆಲ್ಲ ಸೂಕ್ಷ್ಮವಾಗಿ ಹೆಪ್ಪು ಹುಟ್ಟುತ್ತಾ ಕರಗುತ್ತಾ ಇದ್ದಬದ್ದ ಫೈಬ್ರಿನೋಜನ್ ಮುಗಿದುಹೋಗುತ್ತದೆ, ಪ್ಲೇಟ್‌ಲೆಟ್‌ಗಳೂ ಕುಸಿಯುತ್ತವೆ. ನಿಜವಾದ ಗಾಯಕ್ಕೆ ಬೇಕಾದಾಗ ಉಗ್ರಾಣ ಖಾಲಿ. ಕೊಳಕುಮಂಡಲ ಕಚ್ಚಿದವರಲ್ಲಿ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಬೇಕಾಗುವುದೂ ಇದೆ.

ಟ್ಯೂಬು ಗಾಜಿನದ್ದೇ ಆಗಬೇಕು ಎನ್ನುವುದರ ಹಿಂದೆಯೂ ಒಬ್ಬ ಮನುಷ್ಯನ ಕಥೆಯಿದೆ. 1955ರಲ್ಲಿ ರ‍್ಯಾಟ್ನಾಫ್ ಮತ್ತು ಸಂಗಡಿಗರು ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರನ ಬಗ್ಗೆ ಬರೆದರು. ಅವನಿಗೆ ರಕ್ತಸ್ರಾವದ ತೊಂದರೆ ಇರಲೇ ಇಲ್ಲ, ಆದರೆ ಅವನ ರಕ್ತ ಗಾಜಿನ ಟ್ಯೂಬಿನಲ್ಲಿ ಬೇಗ ಹೆಪ್ಪುಗಟ್ಟುತ್ತಿರಲಿಲ್ಲ. ಅವನಲ್ಲಿ ಇಲ್ಲದಿದ್ದದ್ದು ಹನ್ನೆರಡನೆಯ ಫ್ಯಾಕ್ಟರ್. ಗಾಜಿನ ಮೇಲ್ಮೈ ತಗುಲಿದೊಡನೆ ಎಚ್ಚರಾಗಿ ಹೆಪ್ಪುಗಟ್ಟುವ ಸರಣಿಗೆ ಚಾಲನೆ ಕೊಡುವುದು ಅದೇ. ಪ್ಲಾಸ್ಟಿಕ್ ಟ್ಯೂಬಾದರೆ ಈ ಚಾಲನೆ ಸಿಗದೆ ಆರೋಗ್ಯವಂತರ ರಕ್ತವೂ 20 ನಿಮಿಷ ನೀರಾಗಿಯೇ ಉಳಿಯಬಹುದು. ಸೋಪಿನಲ್ಲಿ ತೊಳೆದ ಗಾಜಿನದ್ದೂ ಅದೇ ಪಾಡು. ಬೇಡದವರಿಗೆ ಚುಚ್ಚುಮದ್ದು ಹೋಗುವುದು ಇಂಥ ಸಣ್ಣ ತಪ್ಪಿನಿಂದಲೇ.

ಇವೆಲ್ಲ ತಿಳಿವಳಿಕೆ ಹಾಸಿಗೆಯ ಪಕ್ಕದ ಪರೀಕ್ಷೆಯಾಗಿ ಗಟ್ಟಿಗೊಂಡದ್ದು ಪ್ರಯೋಗಾಲಯವಿಲ್ಲದ ಹಳ್ಳಿ ಆಸ್ಪತ್ರೆಗಳಲ್ಲಿ. ಬ್ರಿಟನ್ನಿನ ವೈದ್ಯ ಡೇವಿಡ್ ವಾರೆಲ್ ಮತ್ತು ಸಂಗಡಿಗರು ಉತ್ತರ ನೈಜೀರಿಯಾದಲ್ಲಿ ಗರಗಸ ಮಂಡಲದ ಬಳಗದ ಹಾವು ಕಚ್ಚಿದವರನ್ನು ನೋಡಿಕೊಳ್ಳುತ್ತಾ ಗಾಜಿನ ಟ್ಯೂಬಿನ ಪರೀಕ್ಷೆಯನ್ನು ನೆಚ್ಚಿಕೊಂಡರು. 1977ರಲ್ಲಿ ಆ ಅನುಭವ ಪ್ರಕಟವಾಯಿತು. 1994ರಲ್ಲಿ ದಕ್ಷಿಣ ಅಮೆರಿಕದ ಹಾವು ಕಡಿತದ ರೋಗಿಗಳಲ್ಲಿ ನಡೆದ ಅಧ್ಯಯನ, 20 ನಿಮಿಷದಲ್ಲಿ ಕಟ್ಟದ ರಕ್ತಕ್ಕೂ ಇಳಿದ ಫೈಬ್ರಿನೋಜನ್‌ಗೂ ಇರುವ ನಂಟನ್ನು ಖಚಿತಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಭಾರತದ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯೂ ಈ ಪರೀಕ್ಷೆಯನ್ನು ಒಪ್ಪಿಕೊಂಡವು. ಚುಚ್ಚುಮದ್ದು ಕೊಟ್ಟ ಆರು ಗಂಟೆಗೆ ಮತ್ತೊಮ್ಮೆ ಪರೀಕ್ಷೆ. ವಿಷ ತಟಸ್ಥವಾದ ಮೇಲೆ ಪಿತ್ತಜನಕಾಂಗ ಹೊಸ ಹೆಪ್ಪುಕಾರಕಗಳನ್ನು ತಯಾರಿಸಲು ಅಷ್ಟು ಹೊತ್ತು ಬೇಕು.

ಮಂಡಲಗಳು ವೈದ್ಯಕೀಯಕ್ಕೆ ಕೊಟ್ಟದ್ದು ಇಷ್ಟೇ ಅಲ್ಲ. ಮತ್ತೆ ಮತ್ತೆ ಗರ್ಭಪಾತವಾಗುವ ಹೆಣ್ಣುಮಕ್ಕಳಲ್ಲಿ ಅದಕ್ಕೆ ಕಾರಣವಾಗಬಲ್ಲ ಪ್ರತಿಕಾಯವೊಂದನ್ನು ಪತ್ತೆ ಹಚ್ಚಲು ಇಂದಿಗೂ ಪ್ರಯೋಗಾಲಯಗಳು ಬಳಸುವುದು ಕೊಳಕುಮಂಡಲದ ತೆಳು ವಿಷವನ್ನು. ಹೃದಯಾಘಾತದ ರೋಗಿಗಳಲ್ಲಿ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟದಂತೆ ತಡೆಯುವ ಟಿರೋಫಿಬಾನ್ ಎಂಬ ಔಷಧಿಯನ್ನು ರೂಪಿಸಿದ್ದು ಗರಗಸ ಮಂಡಲದ ವಿಷದಲ್ಲಿರುವ ಅಣುವೊಂದನ್ನು ನೋಡಿ. ಕುಸುಮ ರೋಗಕ್ಕಂತೂ ಈಗ ವಿಷ ಬೇಕಿಲ್ಲ, ಕೊರತೆಯಿರುವ ಫ್ಯಾಕ್ಟರನ್ನೇ ಚುಚ್ಚಿ ಕೊಡುತ್ತಾರೆ. ಸ್ವತಃ ಈ ರೋಗದೊಂದಿಗೆ ಬದುಕುತ್ತಿರುವ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ಕಟ್ಟಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಅದಕ್ಕಾಗಿ ದುಡಿಯುತ್ತಾ ಬಂದಿದೆ.

ಹಾವು ಕಚ್ಚಿದವರ ಪರವಾಗಿ ಅಂಥ ದನಿ ಎದ್ದದ್ದು ತೀರಾ ಈಚೆಗೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ವರ್ಷಕ್ಕೆ ಸರಾಸರಿ 58 ಸಾವಿರ ಜೀವ. ಹೆಚ್ಚಿನವರು ಹಳ್ಳಿಗಾಡಿನವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಕ್ರಿಯಾಯೋಜನೆ ತಂದಿತು. ಒಂದೇ ಜಾತಿಯ ಹಾವಾದರೂ ವಿಷ ಸೀಮೆಯಿಂದ ಸೀಮೆಗೆ ಬೇರೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಚುಚ್ಚುಮದ್ದಿಗೆ ಬೇಕಾದ ವಿಷದ ದೊಡ್ಡ ಪಾಲು ಬಹುಕಾಲದಿಂದ ಬರುತ್ತಿರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಹೀಗಿರುವಾಗ ಕಲ್ಯಾಣ ಕರ್ನಾಟಕದ ಹಾವುಗಳ ವಿಷಕ್ಕೆ ಇದೇ ಮದ್ದು ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸುವುದು ಸರ್ಕಾರದ ಮುಂದಿರುವ ಕೆಲಸ.

ನಮ್ಮ ಕೈಯಲ್ಲಿರುವುದು ಇಷ್ಟು. ಹಾವು ಮುಟ್ಟಿದವರನ್ನು ಓಡಾಡಿಸಬೇಡಿ, ಉಂಗುರ, ಕಡಗ, ಕಾಲುಂಗುರ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗದಂತೆ ಇಡಿ. ಹಗ್ಗ ಬಿಗಿಯಬೇಡಿ. ಬ್ಲೇಡಿನಿಂದ ಕೊಯ್ದು ರಕ್ತ ಹರಿಸುವುದಂತೂ ಬೇಡವೇ ಬೇಡ. ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡ ರಕ್ತ ನಿಲ್ಲುವುದಿಲ್ಲ. ಊರಲ್ಲಿ ನೋವಿನ ಇಂಜೆಕ್ಷನ್ ಹಾಕಿಸಬೇಡಿ. ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆ ಮುಟ್ಟಿಸಿ. 20 ನಿಮಿಷದ ಪರೀಕ್ಷೆಯಲ್ಲಿ ರಕ್ತ ಕಟ್ಟಿತು ಎಂದು ಮನೆಗೆ ಹೊರಡಬೇಡಿ. ವಿಷ ತಡವಾಗಿಯೂ ಏರಬಹುದು, ನಾಗರ ಮತ್ತು ಕಟ್ಟುಹಾವಿನ ವಿಷ ಈ ಪರೀಕ್ಷೆಗೆ ಸಿಗುವುದೂ ಇಲ್ಲ. ವೈದ್ಯರು ಬೇಡವೆನ್ನುವ ತನಕ ಅಲ್ಲೇ ಇರಿ.

ಆರೋಗ್ಯ ಇಲಾಖೆಗೂ ಒಂದು ಮನವಿ. ತೊಗರಿ ಕೊಯ್ಲಿಗೆ ಮುಂಚೆಯೇ ಆಳಂದ, ಅಫಜಲಪುರ, ಜೇವರ್ಗಿಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸಾಕಷ್ಟು ಎಎಸ್‌ವಿ ಜೊತೆಗೆ ಒಂದು ಪೆಟ್ಟಿಗೆ ಹೊಸ ಗಾಜಿನ ಟ್ಯೂಬುಗಳನ್ನೂ ತಲುಪಿಸಿ. ಖರ್ಚು ಅತ್ಯಲ್ಪ, ಉಳಿಯುವುದು ನಮಗೆ ಅನ್ನ ಹಾಕುವವರ ಜೀವ.